ಬಳ್ಳಾರಿಯ ಬಿಸಿಲಿಗೂ ಶಿರಸಿಯ ಮಳೆಗೂ ಔಷಧಿ ಕೆಡದಂತೆ ಇಡುವುದು ಹೇಗೆ

ಬಳ್ಳಾರಿಯಲ್ಲಿ ನಾನು ಔಷಧಿ ಅಂಗಡಿ ನಡೆಸುತ್ತೇನೆ. ತವರು ಶಿರಸಿ ಸೀಮೆ. ಇಲ್ಲಿ ಏಪ್ರಿಲ್, ಮೇ ಬಂತೆಂದರೆ 40 ಡಿಗ್ರಿ ದಾಟುವ ಬಿಸಿಲು. ಅಲ್ಲಿ ಜೂನ್ ಹಿಡಿದರೆ ತಿಂಗಳುಗಟ್ಟಲೆ ಬಟ್ಟೆ ಒಣಗದ ಮಳೆ. ಗುಳಿಗೆಗೆ ಈ ಎರಡೂ ಆಗಿಬರುವುದಿಲ್ಲ. ಅಂಗಡಿಗೆ ಬಂದವರು "ಊಟಕ್ಕೆ ಮೊದಲೋ ಆಮೇಲೋ" ಎಂದು ತಪ್ಪದೆ ಕೇಳುತ್ತಾರೆ. ಮನೆಗೆ ಒಯ್ದು ಎಲ್ಲಿಡಬೇಕು ಎಂದು ಕೇಳುವವರು ಅಪರೂಪ.

ಹಾಲು ಕೆಟ್ಟರೆ ಒಡೆದು ತೋರಿಸುತ್ತದೆ. ಗುಳಿಗೆ ಹಾಗೆ ತೋರಿಸುವುದಿಲ್ಲ. ಅದೇ ಬಣ್ಣ, ಅದೇ ಆಕಾರ, ಅದೇ ಸ್ಟ್ರಿಪ್. ಒಳಗಿನ ಸತ್ವ ಮಾತ್ರ ಇಳಿದಿರುತ್ತದೆ. ಬಿಪಿ ಯಾಕೆ ಹತೋಟಿಗೆ ಬರುತ್ತಿಲ್ಲ, ಥೈರಾಯ್ಡ್ ರಿಪೋರ್ಟ್ ಯಾಕೆ ಏರಿಳಿಯುತ್ತಿದೆ ಎಂದು ತಲೆ ಕೆಡಿಸಿಕೊಳ್ಳುವಾಗ ಗುಳಿಗೆ ಇಟ್ಟ ಜಾಗದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮನೆಯಲ್ಲಿ ಯಾವ ಜಾಗ

ಮೊದಲು ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ. ಬಹಳಷ್ಟು ಗುಳಿಗೆಗಳ ಮೇಲೆ "30 ಡಿಗ್ರಿ ಸೆಲ್ಸಿಯಸ್ ಮೀರದ ಕಡೆ, ಬೆಳಕು ಮತ್ತು ತೇವಾಂಶ ತಾಗದಂತೆ ಇಡಿ" ಎಂಬರ್ಥದ ಸಾಲು ಇರುತ್ತದೆ. ಕೆಲವಕ್ಕೆ 25 ಡಿಗ್ರಿ. ಇನ್ಸುಲಿನ್, ಲಸಿಕೆ, ಕೆಲವು ಕಣ್ಣಿನ ಹನಿಗಳಿಗೆ 2ರಿಂದ 8 ಡಿಗ್ರಿ. ಈ ಸಾಲನ್ನು ಕಂಪನಿ ಸುಮ್ಮನೆ ಹಾಕಿರುವುದಿಲ್ಲ. ಎಕ್ಸ್‌ಪೈರಿ ದಿನಾಂಕಕ್ಕೆ ಬೆಲೆ ಬರುವುದೇ ಆ ಸಾಲಿನಂತೆ ಇಟ್ಟಾಗ. 2027ರವರೆಗೆ ಅವಧಿಯಿದೆ ಎಂದು ಬರೆದಿದ್ದರೂ, ಮೇ ತಿಂಗಳಿಡೀ ತಗಡಿನ ಚಾವಣಿಯ ಕೆಳಗೆ ಇಟ್ಟ ಗುಳಿಗೆಯನ್ನು ಆ ದಿನಾಂಕ ಕಾಪಾಡುವುದಿಲ್ಲ.

ಒಂದು ಕೆಲಸ ಮಾಡಿ. ಕೋಣೆಯ ಉಷ್ಣತೆ ತೋರಿಸುವ ಥರ್ಮಾಮೀಟರ್ ಇನ್ನೂರು ಮುನ್ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ಈಗ ಔಷಧಿ ಇಟ್ಟಿರುವ ಜಾಗದಲ್ಲೇ ಇಟ್ಟು ಮಧ್ಯಾಹ್ನ ಮೂರು ಗಂಟೆಗೆ ನೋಡಿ. ಬೆಳಿಗ್ಗೆ ನೋಡಿ ಪ್ರಯೋಜನವಿಲ್ಲ.

ಹೀಗೆ ನೋಡಿದಾಗ ನಮ್ಮ ಕಡೆಯ ಮನೆಗಳಲ್ಲಿ ಮೊದಲು ಸಿಕ್ಕಿಬೀಳುವ ಜಾಗ ಫ್ರಿಜ್ಜಿನ ತಲೆ. ಎಷ್ಟೋ ಮನೆಗಳಲ್ಲಿ ಔಷಧಿಯ ಪ್ಲಾಸ್ಟಿಕ್ ಬುಟ್ಟಿ ಇರುವುದೇ ಅಲ್ಲಿ. ಒಳಗಿನ ಬಿಸಿಯನ್ನು ಹೊರಗೆ ಹಾಕುವುದೇ ಫ್ರಿಜ್ಜಿನ ಕೆಲಸ. ಆ ಬಿಸಿ ಹಿಂಬದಿಯಿಂದ ಮೇಲೇಳುತ್ತದೆ. ಅಡುಗೆಮನೆಯಲ್ಲಿ ಒಲೆಯ ಮೇಲಿನ ಕಪಾಟು, ಟಿವಿ ಸ್ಟ್ಯಾಂಡು, ಕಿಟಕಿಯ ಕಟ್ಟೆ ಇವೂ ಬೇಡ. ಪಡುವಣ ಗೋಡೆಗೆ ಒತ್ತಿದ ಕಬ್ಬಿಣದ ಬೀರುವೂ ಸಂಜೆಯ ಹೊತ್ತಿಗೆ ಕಾದಿರುತ್ತದೆ. ಹಾಗಾದರೆ ಎಲ್ಲಿ? ಮನೆಯ ನಡುವಿನ ಕೋಣೆ, ಹೊರಗೋಡೆಗೆ ತಾಗದ ಮರದ ಕಪಾಟು, ಕೆಳಗಿನದ್ದೂ ಅಲ್ಲದ ತೀರಾ ಮೇಲಿನದ್ದೂ ಅಲ್ಲದ ಅರೆ. ಹಳೆಯ ಮಣ್ಣಿನ ಗೋಡೆಯ ಮನೆಯಿದ್ದರೆ ನೀವು ಪುಣ್ಯವಂತರು. ಆ ಎರಡಡಿ ದಪ್ಪದ ಗೋಡೆಯ ಗೂಡಿನಲ್ಲಿ ನಡುಮಧ್ಯಾಹ್ನವೂ ತಂಪು ನಿಂತಿರುತ್ತದೆ. ಬಾಗಿಲಿಲ್ಲದ ಗೂಡಾದರೆ ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿಡಿ, ಮಕ್ಕಳ ಕೈಗೆ ಎಟುಕದ ಎತ್ತರದ ಗೂಡನ್ನೇ ಆರಿಸಿ.

ಬೇಸಿಗೆಯ ಮಧ್ಯಾಹ್ನ ಒಂದೆರಡು ತಾಸು 33, 34 ಡಿಗ್ರಿ ಆದರೆ ಮಾಮೂಲಿ ಗುಳಿಗೆಗಳ ಬಗ್ಗೆ ಗಾಬರಿ ಬೇಡ. ದಿನಗಟ್ಟಲೆ, ವಾರಗಟ್ಟಲೆ ಬಿಸಿಯಲ್ಲಿರುವುದೇ ತೊಂದರೆ. ಹಾಗೆಂದು ಎಲ್ಲವನ್ನೂ ಫ್ರಿಜ್ಜಿಗೆ ತುರುಕಬೇಡಿ. ತೆಗೆದು ಇಡುವಾಗ ಸ್ಟ್ರಿಪ್ ಮೇಲೆ ಬೆವರಿನಂತೆ ನೀರು ಕೂರುತ್ತದೆ, ಆ ತೇವ ಗುಳಿಗೆಗೆ ಶತ್ರು. ಬೇಸಿಗೆ ಶುರುವಾಗುವ ಮುಂಚೆ ಆರು ತಿಂಗಳ ಗುಳಿಗೆ ಒಟ್ಟಿಗೆ ಕೊಂಡಿಡುವುದಕ್ಕಿಂತ ತಿಂಗಳು ತಿಂಗಳು ಒಯ್ಯಿರಿ ಎಂದು ನಾನು ಹೇಳುತ್ತೇನೆ.

ಮಳೆಸೀಮೆಯ ಮಾತು

ಮಲೆನಾಡು, ಕರಾವಳಿಯಲ್ಲಿ ಬಿಸಿಗಿಂತ ತೇವದ ಕಾಟ ಜಾಸ್ತಿ. ಆಸ್ಪಿರಿನ್ ಇದಕ್ಕೆ ಒಳ್ಳೆಯ ಉದಾಹರಣೆ. ತೇವ ತಗುಲಿದರೆ ಅದು ಒಡೆದು ಸ್ಯಾಲಿಸಿಲಿಕ್ ಆಮ್ಲ ಮತ್ತು ಅಸಿಟಿಕ್ ಆಮ್ಲವಾಗುತ್ತದೆ. ಅಸಿಟಿಕ್ ಆಮ್ಲವೆಂದರೆ ವಿನೆಗರ್‌ನಲ್ಲಿರುವುದೇ. ಹೃದಯಕ್ಕೆಂದು ತೆಗೆದುಕೊಳ್ಳುವ ಆಸ್ಪಿರಿನ್ ಡಬ್ಬಿ ತೆರೆದಾಗ ಹುಳಿವಾಸನೆ ಮೂಗಿಗೆ ಬಡಿದರೆ ಆ ಗುಳಿಗೆಗಳನ್ನು ಬಿಡಿ, ಹೊಸದು ತನ್ನಿ. ಕೆಟ್ಟಿದ್ದನ್ನು ಹೀಗೆ ತಾನೇ ಹೇಳಿಕೊಳ್ಳುವ ಔಷಧಿ ಕಡಿಮೆ.

ಫಿಟ್ಸ್‌ಗೆ ಕೊಡುವ ಸೋಡಿಯಂ ವ್ಯಾಲ್‌ಪ್ರೊಯೇಟ್ ಗಾಳಿಯಲ್ಲಿನ ನೀರನ್ನು ಹೀರಿಕೊಂಡು ಮೆತ್ತಗಾಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಡಾಬಿಗ್ಯಾಟ್ರಾನ್ ಕ್ಯಾಪ್ಸೂಲನ್ನೂ ಮೂಲ ಪ್ಯಾಕಿನಿಂದ ಮೊದಲೇ ಬಿಡಿಸಿಡುವಂತಿಲ್ಲ. ಥೈರಾಯ್ಡ್ ತೊಂದರೆಗೆ ಕೊಡುವ ಥೈರಾಕ್ಸಿನ್‌ಗೆ ಶಾಖ, ಬೆಳಕು, ತೇವ ಮೂರೂ ಆಗದು. ಅದರ ಬಾಟಲಿಯಲ್ಲೇ ಇರಲಿ, ಮುಚ್ಚಳ ಬಿಗಿಯಾಗಿರಲಿ, ಒಳಗಿನ ತೇವ ಹೀರುವ ಸಣ್ಣ ಸಿಲಿಕಾ ಚೀಲವನ್ನು ಎಸೆಯಬೇಡಿ. ಎದೆನೋವಿಗೆ ನಾಲಿಗೆಯಡಿ ಇಡುವ ಗ್ಲಿಸರಿಲ್ ಟ್ರೈನೈಟ್ರೇಟ್ ಗುಳಿಗೆ ಗಾಜಿನ ಬಾಟಲಿಯಲ್ಲಿ ಬಂದಿದ್ದರೆ ಅದನ್ನು ಪ್ಲಾಸ್ಟಿಕ್ ಡಬ್ಬಿಗೆ ಸುರಿಯಬೇಡಿ, ಹತ್ತಿ ತುಂಬಬೇಡಿ. ಅದರ ಸತ್ವ ಆವಿಯಾಗಿ ಹೋಗುವಂಥದ್ದು, ಪ್ಲಾಸ್ಟಿಕ್ಕೂ ಹತ್ತಿಯೂ ಅದನ್ನು ಹೀರುತ್ತವೆ. ಎದೆ ಹಿಡಿದುಕೊಂಡ ಹೊತ್ತಿನಲ್ಲಿ ಕೆಲಸ ಮಾಡಬೇಕಾದ ಗುಳಿಗೆ ಅದು.

ಬಚ್ಚಲುಮನೆಯ ಕನ್ನಡಿ ಹಿಂದಿನ ಕಪಾಟು ಯಾವ ಊರಿನಲ್ಲೂ ಬೇಡ. ಹಂಡೆ ಕಾಯಿಸುವ ನಮ್ಮ ಕಡೆಯ ಬಚ್ಚಲಿನಲ್ಲಂತೂ ಬೇಡವೇ ಬೇಡ. ಮಳೆಗಾಲದಲ್ಲಿ ಎಲ್ಲ ಸ್ಟ್ರಿಪ್‌ಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಒಳಗೆ ಎರಡು ಸಿಲಿಕಾ ಜೆಲ್ ಚೀಲ ಇಟ್ಟರೆ ಸಾಕು. ಆ ಚೀಲದ ಮೇಲೆ ದೊಡ್ಡದಾಗಿ ಗುರುತು ಹಾಕಿ, ಕಣ್ಣು ಮಂಜಾದ ಅಜ್ಜಿಯೊಬ್ಬರು ಪುಡಿ ಔಷಧಿ ಎಂದುಕೊಳ್ಳಬಾರದು.

ಇನ್ಸುಲಿನ್ ಮತ್ತು ಫ್ರಿಜ್ಜು

ಸಿರುಗುಪ್ಪ ಕಡೆಯ ರೈತರೊಬ್ಬರು ನನ್ನ ಅಂಗಡಿಯ ಕಾಯಂ ಗಿರಾಕಿ. ಸಕ್ಕರೆ ಏರುತ್ತಲೇ ಹೋಗಿ ಇನ್ಸುಲಿನ್ ಪ್ರಮಾಣ ಹೆಚ್ಚಾಗುತ್ತಲೇ ಇತ್ತು. ಬಾಟಲಿ ತಂದು ತೋರಿಸಿ ಎಂದೆ. ಎರಡು ಬಗೆಯ ಇನ್ಸುಲಿನ್ ಬೆರೆಸಿದ 30/70 ಬಾಟಲಿ, ಅರ್ಧ ಖಾಲಿಯಾಗಿತ್ತು. ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿದರೆ ಹಾಲಿನಂತೆ ಒಂದೇಸಮ ಬೆಳ್ಳಗಾಗಬೇಕಿತ್ತು. ಆಗಲಿಲ್ಲ. ಸಣ್ಣ ಸಣ್ಣ ಬಿಳಿ ಚೂರುಗಳು ತೇಲಿದವು, ಗಾಜಿನ ಒಳಮೈಗೆ ಇಬ್ಬನಿ ಹೆಪ್ಪುಗಟ್ಟಿದಂತೆ ಪದರ ಅಂಟಿತ್ತು. "ಎಲ್ಲಿಡ್ತೀರಿ?" ಎಂದರೆ, "ಭಾಳ ತಂಪು ಇರ್ಲಿ ಅಂತ ಐಸ್ ಕೆಳಗಿನ ಟ್ರೇದಾಗ ಇಡ್ತೀನ್ರೀ" ಎಂದರು. ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ಫ್ರೀಜರ್ ಕೆಳಗಿನ ಆ ಟ್ರೇ ಹೆಪ್ಪುಗಟ್ಟಿಸುವಷ್ಟು ತಣ್ಣಗಿರುತ್ತದೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಉಪಯೋಗಕ್ಕಿಲ್ಲ.

ಅವರಿಗೆ ಹೊಸ ಬಾಟಲಿ ಕೊಟ್ಟು ಕಳಿಸಿದ್ದರೆ ಅಪಾಯವಿತ್ತು. ಸತ್ವವಿಲ್ಲದ ಇನ್ಸುಲಿನ್‌ಗೆ ಏರಿಸಿದ ಪ್ರಮಾಣವನ್ನೇ ಒಳ್ಳೆಯ ಇನ್ಸುಲಿನ್‌ನಲ್ಲಿ ಚುಚ್ಚಿಕೊಂಡರೆ ಸಕ್ಕರೆ ದಿಢೀರನೆ ಕುಸಿಯುತ್ತದೆ. ಅಲ್ಲಿಂದಲೇ ಅವರ ಡಾಕ್ಟರಿಗೆ ಫೋನು ಮಾಡಿಸಿ, ಹೊಸ ಪ್ರಮಾಣ ಕೇಳಿಕೊಂಡ ಮೇಲೆ ಬಾಟಲಿ ಕೊಟ್ಟೆ. ನಿಮ್ಮ ಇನ್ಸುಲಿನ್ ಕೆಟ್ಟಿತ್ತೆಂದು ಗೊತ್ತಾದರೆ ಈ ಹೆಜ್ಜೆ ತಪ್ಪಿಸಬೇಡಿ.

ತೆರೆಯದ ಬಾಟಲಿ, ಕಾರ್ಟ್ರಿಜ್, ಪೆನ್ನುಗಳನ್ನು ಫ್ರಿಜ್ಜಿನ ನಡುವಿನ ಅರೆಯಲ್ಲಿ, ಹಿಂಗೋಡೆಗೆ ತಾಗದಂತೆ, ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಇಡಿ. ಬಾಗಿಲಿನ ಅರೆ ಬೇಡ, ದಿನಕ್ಕೆ ಹತ್ತು ಸಲ ತೆರೆದಾಗಲೂ ಹೊರಗಿನ ಗಾಳಿ ಮೊದಲು ಬಡಿಯುವುದು ಅದಕ್ಕೆ. ಬಳಕೆಯಲ್ಲಿರುವ ಪೆನ್ನು ಅಥವಾ ಬಾಟಲಿ ಕೋಣೆಯ ತಂಪಿನಲ್ಲಿ, ಡಬ್ಬಿಯೊಳಗಿನ ಕರಪತ್ರದಲ್ಲಿ ಹೇಳಿದ 25 ಅಥವಾ 30 ಡಿಗ್ರಿಯೊಳಗೆ ಇರಬಹುದು. ಹೆಚ್ಚಿನವಕ್ಕೆ ತೆರೆದ ಮೇಲೆ 28 ದಿನದ ಅವಧಿ, ಕೆಲವಕ್ಕೆ ತುಸು ಹೆಚ್ಚು. ತೆರೆದ ದಿನವನ್ನು ಬಾಟಲಿಯ ಮೇಲೆಯೇ ಬರೆಯಿರಿ. ರಟ್ಟಿನ ಡಬ್ಬಿಯ ಮೇಲೆ ಬರೆದರೆ ಡಬ್ಬಿ ಕಸಕ್ಕೆ ಹೋಗುತ್ತದೆ. ಪೆನ್ನಿಗೆ ಸೂಜಿ ಹಾಗೇ ಬಿಡಬೇಡಿ, ಬಿಸಿ ತಂಪು ಬದಲಾದಾಗ ಅದರ ಮೂಲಕ ಔಷಧಿ ಸೋರುತ್ತದೆ, ಗಾಳಿ ಒಳಸೇರುತ್ತದೆ. ರೆಗ್ಯುಲರ್, ಗ್ಲಾರ್ಜಿನ್, ಆಸ್ಪಾರ್ಟ್ ಎಂಬ ಬಗೆಯ ಇನ್ಸುಲಿನ್‌ಗಳು ತಿಳಿನೀರಿನಂತಿರಬೇಕು. ಮಂಜಾಗಿ ಕಂಡರೆ ಬಳಸಬೇಡಿ.

ಕರೆಂಟು ಹೋದರೆ ಫ್ರಿಜ್ಜಿನ ಬಾಗಿಲು ತೆರೆಯದಿರುವುದೇ ಮದ್ದು. ಮುಚ್ಚಿದ ಫ್ರಿಜ್ಜು ನಾಲ್ಕು ತಾಸಿನಷ್ಟು ತಂಪು ಹಿಡಿದಿಟ್ಟುಕೊಳ್ಳುತ್ತದೆ.

ಫ್ರಿಜ್ಜೇ ಇಲ್ಲದವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರಿಗೆ ನಾನು ಹೇಳುವುದು ಮಡಕೆ. ಹೊಳಪು ಲೇಪಿಸದ ಒಂದು ದೊಡ್ಡ ಮಡಕೆ, ಅದರೊಳಗೆ ಒಂದು ಸಣ್ಣದು, ನಡುವೆ ಒದ್ದೆ ಮರಳು, ಮೇಲೆ ಒದ್ದೆ ಬಟ್ಟೆ. ಸಣ್ಣ ಮಡಕೆಯೊಳಗೆ ಇನ್ಸುಲಿನ್ ಬಾಟಲಿಯನ್ನು ನೀರು ತಾಗದಂತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ನೆರಳಿರುವ, ಗಾಳಿಯಾಡುವ ಕಡೆ ಇಟ್ಟು ಬೆಳಿಗ್ಗೆ ಸಂಜೆ ಮರಳಿಗೆ ನೀರು ಚಿಮುಕಿಸಿ. ನೀರು ಆವಿಯಾಗುತ್ತ ಒಳಗಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಬಳ್ಳಾರಿ, ರಾಯಚೂರು, ಕಲಬುರಗಿಯ ಒಣಗಾಳಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಕಾರವಾರ, ಕುಮಟೆಯಲ್ಲಿ ಗಾಳಿಯೇ ನೀರು ತುಂಬಿಕೊಂಡಿರುವುದರಿಂದ ಆವಿಯಾಗುವುದು ಕಡಿಮೆ, ತಂಪೂ ಕಡಿಮೆ. ಕೆನ್ಯಾದ ದಾದಾಬ್ ನಿರಾಶ್ರಿತರ ಶಿಬಿರದ ಬಿಸಿಯನ್ನು ಲೆಕ್ಕಕ್ಕೆ ಹಿಡಿದು, ಎಂಎಸ್ಎಫ್ ವೈದ್ಯ ಸಂಸ್ಥೆ ಮತ್ತು ಜಿನೀವಾ ವಿಶ್ವವಿದ್ಯಾಲಯ 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದವು. 25ರಿಂದ 37 ಡಿಗ್ರಿ ನಡುವೆ ಏರಿಳಿಯುವ ಬಿಸಿಯಲ್ಲಿ ನಾಲ್ಕು ವಾರ ಇಟ್ಟರೂ ಇನ್ಸುಲಿನ್ ಸತ್ವ ಉಳಿಸಿಕೊಂಡಿತ್ತು. ಫ್ರಿಜ್ಜಿಲ್ಲ ಎಂಬ ಕಾರಣಕ್ಕೆ ಇನ್ಸುಲಿನ್ನೇ ಬೇಡ ಎನ್ನುವವರಿಗೆ ನಾನು ಈ ಮಾತು ಹೇಳಿ ಧೈರ್ಯ ತುಂಬುತ್ತೇನೆ. ಮಡಕೆಯಲ್ಲಿಟ್ಟದ್ದನ್ನು ನಾಲ್ಕು ವಾರದೊಳಗೆ ಮುಗಿಸಿ, ತಿಂಗಳಿಗೆ ಬೇಕಾದಷ್ಟೇ ಒಯ್ಯಿರಿ.

ಸ್ಟ್ರಿಪ್, ಸಿರಪ್, ಹನಿ

ಐದು ಗುಳಿಗೆ ಕೊಡಿ ಎಂದರೆ ಅಂಗಡಿಯವರು ಸ್ಟ್ರಿಪ್ ಕತ್ತರಿಸುತ್ತಾರೆ. ಎಕ್ಸ್‌ಪೈರಿ, ಬ್ಯಾಚ್ ನಂಬರು ಹೆಚ್ಚಾಗಿ ಒಂದು ತುದಿಯಲ್ಲಿರುತ್ತವೆ. ನಿಮ್ಮ ಪಾಲಿಗೆ ಬಂದ ತುಂಡಿನಲ್ಲಿ ಅವು ಇಲ್ಲದಿದ್ದರೆ ಅಲ್ಲೇ ನಿಂತು ಇಡೀ ಸ್ಟ್ರಿಪ್ಪಿನ ಫೋಟೊ ತೆಗೆದುಕೊಳ್ಳಿ. ಹಾಗೆ ಕೇಳುವ ಗಿರಾಕಿಯನ್ನು ಕಂಡರೆ ನನಗೆ ಖುಷಿಯೇ. ತಿಂಗಳು ಮತ್ತು ವರ್ಷವಷ್ಟೇ ಬರೆದಿದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಬಳಸಬಹುದು. ಮನೆಯಲ್ಲೂ ಗುಳಿಗೆ ತೆಗೆಯುವಾಗ ಬರಹವಿಲ್ಲದ ತುದಿಯಿಂದ ಶುರು ಮಾಡಿ.

ವಾರದ ಏಳು ಖಾನೆಯ ಗುಳಿಗೆ ಡಬ್ಬಿ ಮರೆವಿರುವವರಿಗೆ ಬಹಳ ಅನುಕೂಲ. ತೇವ ಹೀರುವ ಗುಳಿಗೆ ಬಿಟ್ಟು ಉಳಿದವನ್ನು ಒಂದು ವಾರಕ್ಕಷ್ಟೇ ತುಂಬಿ. ಸ್ಟ್ರಿಪ್ಪನ್ನು ಒಂದೊಂದೇ ಗುಳಿಗೆಯ ಚೂರಾಗಿ ಕತ್ತರಿಸಿ ಖಾನೆಗೆ ಹಾಕುವವರಿದ್ದಾರೆ. ಕಣ್ಣು ಸರಿಯಿಲ್ಲದ ಹಿರಿಯರು ಆ ಚೂಪು ಅಂಚಿನ ಚೂರನ್ನೇ ನುಂಗುವ ಅಪಾಯವಿದೆ, ಅವರಿಗೆ ಹಾಗೆ ಕೊಡಬೇಡಿ.

ಮಕ್ಕಳಿಗೆ ಕೊಡುವ ಪುಡಿ ರೂಪದ ಆಂಟಿಬಯಾಟಿಕ್ ಸಿರಪ್ಪಿಗೆ ಕುದಿಸಿ ಆರಿಸಿದ ನೀರನ್ನು ಗುರುತಿನವರೆಗೆ ಬೆರೆಸಬೇಕು. ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಆದರೆ ಬೆರೆಸಿದ ಮೇಲೆ ಫ್ರಿಜ್ಜಿನಲ್ಲೇ ಇಟ್ಟು ಏಳು ದಿನದೊಳಗೆ ಮುಗಿಸಬೇಕು. ಉಳಿದದ್ದನ್ನು ಮುಂದಿನ ಜ್ವರಕ್ಕೆಂದು ಎತ್ತಿಡುವ ಅಭ್ಯಾಸ ದಯವಿಟ್ಟು ಬಿಡಿ. ಒಆರ್‌ಎಸ್ ಕಲಸಿದ ಮೇಲೆ 24 ತಾಸು ಮಾತ್ರ. ಕಣ್ಣಿನ ಹನಿ ತೆರೆದು ಒಂದು ತಿಂಗಳಾದರೆ ಎಷ್ಟೇ ಉಳಿದಿದ್ದರೂ ಸಾಕು ಮಾಡಿ. ಕಿವಿಯ ಹನಿಯನ್ನು ಕಣ್ಣಿನ ಹನಿಯ ಪಕ್ಕ ಇಡಬೇಡಿ, ಬಾಟಲಿಗಳು ಅವಳಿಜವಳಿಯಂತಿರುತ್ತವೆ.

ಮಕ್ಕಳಿರುವ ಮನೆಯಲ್ಲಿ ನನಗೆ ಅತಿ ಹೆಚ್ಚು ಭಯವಿರುವುದು ಕಬ್ಬಿಣದ ಗುಳಿಗೆಯ ಬಗ್ಗೆ. ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕೆಂಪು ಗುಳಿಗೆ ನೋಡಲು ಪೆಪ್ಪರಮಿಂಟಿನಂತಿದೆ, ಸಕ್ಕರೆ ಲೇಪವೂ ಇರುತ್ತದೆ. ಅಮ್ಮ ದಿಂಬಿನ ಪಕ್ಕ ಇಟ್ಟಿದ್ದನ್ನು ಎರಡು ವರ್ಷದ ಮಗು ಬಾಯಿ ತುಂಬ ಹಾಕಿಕೊಂಡರೆ ಜೀವಕ್ಕೇ ಕುತ್ತು. ಬೀಗವಿರುವ ಕಪಾಟಿನಲ್ಲಿಡಿ. ಹೊಲಕ್ಕೆ ಹೊಡೆಯುವ ಕ್ರಿಮಿನಾಶಕ ಆ ಕೋಣೆಯಲ್ಲೇ ಇರಬಾರದು.

ಅವಧಿ ಮುಗಿದ ಔಷಧಿಯನ್ನು ಹಸಿ ಕಸಕ್ಕೂ ಒಣ ಕಸಕ್ಕೂ ಸೇರಿಸದೆ ಬೇರೆಯಾಗಿ ಕೊಡಿ. ನೋವಿಗೆ ಕೊಡುವ ಟ್ರಮಡಾಲ್, ಮಾರ್ಫಿನ್, ಆತಂಕಕ್ಕೆ ಕೊಡುವ ಡಯಾಜೆಪಾಮ್‌ನಂಥವು ಬೇರೆಯವರ ಕೈಗೆ ಸಿಕ್ಕರೆ ಒಂದೇ ಡೋಸು ಪ್ರಾಣ ತೆಗೆಯಬಹುದು. ಆದ್ದರಿಂದ ಇಂಥ 17 ಔಷಧಗಳನ್ನು ಮಾತ್ರ ಶೌಚಾಲಯದಲ್ಲಿ ಫ್ಲಶ್ ಮಾಡಿ ಎಂದು ಕೇಂದ್ರದ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ 2025ರಲ್ಲಿ ಪಟ್ಟಿ ಕೊಟ್ಟಿದೆ. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿಯಿರಿ. ಕಸ ಎತ್ತುವವರ ಕೈಗೆ ಅದು ಚುಚ್ಚಬಾರದು.

ದಾರಿಯಲ್ಲಿ

ಪ್ರಯಾಣ ಶುರುವಾಗುವುದು ನನ್ನ ಅಂಗಡಿಯ ಮೆಟ್ಟಿಲಿನಿಂದಲೇ. ಇನ್ಸುಲಿನ್ ಕೊಂಡು ಸ್ಕೂಟರ್ ಸೀಟಿನ ಕೆಳಗಿನ ಡಿಕ್ಕಿಗೆ ಹಾಕಿ, ಅಲ್ಲಿಂದ ತರಕಾರಿ ಮಾರ್ಕೆಟ್ಟು, ಬ್ಯಾಂಕು ಸುತ್ತಿ ಮನೆ ಸೇರುವವರನ್ನು ದಿನಾ ನೋಡುತ್ತೇನೆ. ಡಿಕ್ಕಿಯ ಕೆಳಗೇ ಎಂಜಿನ್, ಮೇಲೆ ಬಿಸಿಲು ಕುಡಿದ ಕಪ್ಪು ಸೀಟು. ಔಷಧಿ ಕೊಳ್ಳುವುದನ್ನು ಕೊನೆಯ ಕೆಲಸವಾಗಿ ಇಟ್ಟುಕೊಳ್ಳಿ, ಕೈಚೀಲದಲ್ಲಿ ಒಯ್ಯಿರಿ. ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 60 ಡಿಗ್ರಿ ದಾಟುತ್ತದೆ. ಆಸ್ತಮಾದ ಇನ್ಹೇಲರ್ ಒತ್ತಡ ತುಂಬಿದ ಡಬ್ಬಿ, ಅಲ್ಲಿಟ್ಟರೆ ಸಿಡಿಯಲೂಬಹುದು.

ಬಸ್ಸಿನಲ್ಲಿ ಎಂಜಿನ್ ಬಾನೆಟ್ ಪಕ್ಕವೂ ಬೇಡ, ತಗಡಿನ ಚಾವಣಿಗೆ ತಾಗಿದ ಲಗೇಜ್ ಅಟ್ಟವೂ ಬೇಡ, ಕೆಳಗಿನ ಡಿಕ್ಕಿಯಂತೂ ಬೇಡ. ತೊಡೆಯ ಮೇಲಿನ ಚೀಲವೇ ಸರಿಯಾದ ಜಾಗ. ಹಂಪಿ ಎಕ್ಸ್‌ಪ್ರೆಸ್‌ನಂಥ ರಾತ್ರಿ ರೈಲಿನಲ್ಲಿ ಔಷಧಿ ಚೀಲವನ್ನು ಸೀಟಿನಡಿಯ ಸೂಟ್‌ಕೇಸಿಗೆ ಹಾಕದೆ ತಲೆಯ ಬಳಿ ಇಟ್ಟುಕೊಳ್ಳಿ. ಸೂಟ್‌ಕೇಸ್ ಕಳೆದರೆ ಬಟ್ಟೆ ಕೊಳ್ಳಬಹುದು, ನಡುರಾತ್ರಿ ಗುಂತಕಲ್‌ನಲ್ಲಿ ಫಿಟ್ಸ್ ಗುಳಿಗೆ ಎಲ್ಲಿ ಹುಡುಕುತ್ತೀರಿ? ಹೋಗಿ ಬರುವ ದಿನಗಳಿಗಿಂತ ಮೂರು ನಾಲ್ಕು ದಿನ ಹೆಚ್ಚಿಗೆ ಒಯ್ಯಿರಿ. ಚೀಟಿಯ ಫೋಟೊ ನಿಮ್ಮ ಫೋನಿನಲ್ಲೂ ಜೊತೆಗಿರುವವರ ಫೋನಿನಲ್ಲೂ ಇರಲಿ.

ಇನ್ಸುಲಿನ್ ಒಯ್ಯಲು ಅಗಲ ಬಾಯಿಯ ಥರ್ಮಾಸ್ ಸಾಕು. ತಣ್ಣೀರಿನಲ್ಲಿ ತೊಳೆದು ಒರೆಸಿ, ಪೆನ್ನನ್ನು ಬಟ್ಟೆಯಲ್ಲಿ ಸುತ್ತಿ ಇಡಿ. ಐಸ್ ಪ್ಯಾಕ್ ಹಾಕುವುದಾದರೆ ಅದನ್ನು ದಪ್ಪ ಟವೆಲಿನಲ್ಲಿ ಸುತ್ತಿ, ಬಾಟಲಿಗೆ ನೇರ ತಾಗಬಾರದು. ನೀರಿನಲ್ಲಿ ನೆನೆಸಿ ಬಳಸುವ ಹರಳಿನ ಚೀಲಗಳೂ ಸಿಗುತ್ತವೆ, ಕೆಲಸ ಮಡಕೆಯಂತೆಯೇ. ಅದನ್ನು ಗಾಳಿಯಾಡುವಂತೆ ಹೊರಗೆ ತೂಗುಹಾಕಬೇಕು. ಪ್ಲಾಸ್ಟಿಕ್ ಕವರಿನೊಳಗೆ ಇಟ್ಟರೆ ಆವಿಯಾಗದೆ ಸುಮ್ಮನೆ ಒದ್ದೆಯಾಗಿರುತ್ತದೆ. ಹೊಸಪೇಟೆ ದಾಟಿ ಹುಬ್ಬಳ್ಳಿಯವರೆಗೆ ಚೆನ್ನಾಗಿ ತಂಪು ಕೊಟ್ಟ ಚೀಲ ದೇವಿಮನೆ ಘಟ್ಟ ಇಳಿದ ಮೇಲೆ ಮಂಕಾಗುತ್ತದೆ. ಕರಾವಳಿಗೆ ಹೋಗುವವರು ಥರ್ಮಾಸನ್ನೇ ನೆಚ್ಚಿಕೊಳ್ಳಿ. ಲಾಡ್ಜಿನ ಸಣ್ಣ ಫ್ರಿಜ್ಜಿನಲ್ಲಿ ಇಡುವ ಮೊದಲು ಅದರೊಳಗಿನ ನೀರಿನ ಬಾಟಲಿ ಹೆಪ್ಪುಗಟ್ಟಿದೆಯೇ ನೋಡಿ.

ವಿಮಾನದಲ್ಲಿ ಔಷಧಿ ಯಾವಾಗಲೂ ಕೈಚೀಲದಲ್ಲಿ. ಕೆಳಗಿನ ಸರಕು ಕೋಣೆಯಲ್ಲಿ ಇನ್ಸುಲಿನ್ ಹೆಪ್ಪುಗಟ್ಟಬಹುದು, ಚೀಲವೇ ಬೇರೆ ಊರಿಗೆ ಹೋಗಬಹುದು. ಎಲ್ಲವೂ ಮೂಲ ಪ್ಯಾಕಿನಲ್ಲಿರಲಿ. ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ, ನಿಮ್ಮ ಪಾಸ್‌ಪೋರ್ಟಿನ ಹೆಸರಿನಲ್ಲಿ, ಔಷಧಿಯ ಮೂಲ ಹೆಸರಿನೊಂದಿಗೆ ಇರಲಿ. ಬ್ರ್ಯಾಂಡ್ ಹೆಸರು ಗಡಿ ದಾಟುವುದಿಲ್ಲ. ನಮ್ಮ ಪ್ಯಾರಾಸಿಟಮಾಲ್ ಅಮೆರಿಕದ ಡಬ್ಬಿಯ ಮೇಲೆ ಅಸಿಟಮಿನೋಫೆನ್ ಎಂದಿರುತ್ತದೆ. ಎರಡೂ ಬೇರೆ ಎಂದುಕೊಂಡು ಜೊತೆಗೆ ನುಂಗಿದರೆ ಲಿವರ್‌ಗೆ ಪೆಟ್ಟು.

ಭಟ್ಕಳ, ಮಂಗಳೂರಿನ ಕಡೆಯಿಂದ ಗಲ್ಫಿಗೆ ಹೋಗುವವರು ವಿಶೇಷವಾಗಿ ಗಮನಿಸಬೇಕು. ಟ್ರಮಡಾಲ್ ಇರುವ ನೋವಿನ ಗುಳಿಗೆ, ಕೊಡೀನ್ ಇರುವ ಕೆಮ್ಮಿನ ಸಿರಪ್, ನಿದ್ದೆಗೆಂದು ಕೊಡುವ ಅಲ್‌ಪ್ರಜೋಲಾಮ್ ಯುಎಇಯಲ್ಲಿ ನಿಯಂತ್ರಿತ ಔಷಧಗಳು. ಅಲ್ಲಿನ ಸರ್ಕಾರದಿಂದ ಮೊದಲೇ ಆನ್‌ಲೈನಿನಲ್ಲಿ ಅನುಮತಿ ಪಡೆಯದೆ ಒಯ್ದರೆ ವಿಮಾನ ನಿಲ್ದಾಣದಲ್ಲೇ ಬಂಧನವಾಗಬಹುದು. ಊರಿನವರು "ನಮ್ಮ ಹುಡುಗನಿಗೆ ಕೊಟ್ಟುಬಿಡಿ" ಎಂದು ಕೊಟ್ಟ ಔಷಧಿಯ ಪೊಟ್ಟಣ ಏನೆಂದು ತಿಳಿಯದೆ ತೆಗೆದುಕೊಳ್ಳಬೇಡಿ.

ಕೊನೆಯದಾಗಿ, ಮಗ ಮಗಳ ಮನೆಗೆಂದು ಅಮೆರಿಕಕ್ಕೆ ಹೊರಟ ಸಕ್ಕರೆ ಕಾಯಿಲೆಯವರಿಗೆ. ನಮ್ಮಲ್ಲಿ ಸಿಗುವ 10 ಎಂಎಲ್ ಇನ್ಸುಲಿನ್ ಬಾಟಲಿ ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್‌ನದು, ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಅಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿ 100 ಯೂನಿಟ್‌ನದು, ಸಿರಿಂಜಿಗೆ ಕಿತ್ತಳೆ ಮುಚ್ಚಳ. ಇಲ್ಲಿಂದ ಒಯ್ದ ಇನ್ಸುಲಿನ್ ಮುಗಿದು ಅಲ್ಲಿನದನ್ನು ಹಳೆಯ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ, ಗೀಟು ಅದೇ ಇದ್ದರೂ ಮೈಗೆ ಹೋಗುವುದು ಎರಡೂವರೆ ಪಟ್ಟು. ಆದ್ದರಿಂದ ಇಡೀ ಅವಧಿಗೆ ಸಾಕಾಗುವಷ್ಟು ಬಾಟಲಿ, ಅದಕ್ಕೆ ಸರಿಯಾದ ಸಿರಿಂಜು ಎರಡನ್ನೂ ಇಲ್ಲಿಂದಲೇ ಒಯ್ಯಿರಿ. ಸಾಧ್ಯವಾದರೆ ಹೊರಡುವ ತಿಂಗಳು ಮೊದಲೇ ಡಾಕ್ಟರ ಬಳಿ ಪೆನ್ನಿಗೆ ಬದಲಾಯಿಸಿಕೊಳ್ಳಿ. ಅಲ್ಲಿ ಹೊಸ ಬಾಟಲಿ ಕೊಳ್ಳಲೇಬೇಕಾಗಿ ಬಂದರೆ ಕೆಂಪು ಮುಚ್ಚಳದ ಸಿರಿಂಜುಗಳನ್ನು ಅಂದೇ ಮನೆಯಿಂದ ಹೊರಹಾಕಿ, ಬಾಟಲಿಯ ಜೊತೆಗೇ ಕಿತ್ತಳೆ ಮುಚ್ಚಳದ್ದನ್ನು ತರಿಸಿಕೊಳ್ಳಿ.